ಬ್ಲಡ್ಡಣ್ಣನಿಗೆ ಬಾರದ ರಕ್ತ

ಬಸ್ ಡಿಪೋ ಒಂದರಲ್ಲಿ ಒಬ್ಬ ಕಂಡಕ್ಟರ್ ಇದ್ದ. ಹೆತ್ತವರು ಅವನಿಗೊಂದು ಹೆಸರಿಟ್ಟಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಹೆಂಡತಿ ಅವನನ್ನು "ರೀ" ಎನ್ನುತ್ತಿದ್ದಳು, ಡಿಪೋದವರೆಲ್ಲ "ಬ್ಲಡ್ಡಣ್ಣ" ಎನ್ನುತ್ತಿದ್ದರು. ಹಾಗಾಗಿ ಹೆತ್ತವರಿಟ್ಟ ಹೆಸರು ಸಂಬಳ ಕೊಡುವವರ ಬಾಯಿಗಷ್ಟೇ ಉಳಿದಿತ್ತು.

ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಡಿಪೋದ ಯಾರ ಮನೆಯಲ್ಲಿ ಹೆರಿಗೆ ಕಷ್ಟವಾಗಲಿ, ಯಾರ ಅಪ್ಪನ ಎದೆ ಕೊಯ್ಯಬೇಕಾಗಲಿ, ಆಸ್ಪತ್ರೆಯವರು ರಕ್ತ ಕೊಡುವವರನ್ನು ಕರೆತನ್ನಿ ಎಂದರೆ ಸಾಕು, ಆ ಮನೆಯವರು ನೆಟ್ಟಗೆ ಇವನ ಹತ್ತಿರ ಬರುತ್ತಿದ್ದರು. ಇವನು ಕ್ಯಾಂಟೀನಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಡೆಗೂ ಬೆರಳು ತೋರಿಸುತ್ತಿದ್ದ. "ನೀನು ಏಳು. ಆ ಗೋಡೆ ಹತ್ರ ಇರೋ ಗುಂಡಣ್ಣ, ನೀನೂ ಏಳು. ತಿಂದಿದ್ದು ಸಾಕು, ಬೇರೆಯವ್ರಿಗೂ ಸ್ವಲ್ಪ ಕೊಡು." ಬೈದುಕೊಂಡೇ ಏಳುತ್ತಿದ್ದರು, ನಗುತ್ತ ಹೋಗುತ್ತಿದ್ದರು. ಅವರ ಜೊತೆಗೆ ತಾನೂ ಹೋಗಿ ತೋಳು ಚಾಚುತ್ತಿದ್ದ. ಅವನು ಬೆರಳು ತೋರಿಸಿದ ಮೇಲೆ ಯಾರಾದರೂ ತಪ್ಪಿಸಿಕೊಂಡದ್ದನ್ನು ಆ ಡಿಪೋ ಕಂಡಿರಲಿಲ್ಲ.

ಅವನ ಬಸ್ಸಿನ ಡ್ರೈವರ್ ಅವನಿಗೆ ಒಡಹುಟ್ಟಿದವನಿಗಿಂತ ಹೆಚ್ಚು. ವರ್ಷಗಟ್ಟಲೆ ಒಂದೇ ಬಸ್ಸು, ಒಂದೇ ಡಬ್ಬಿಯ ಊಟ. ಸೀಟಿಯ ಸದ್ದಿನಲ್ಲೇ ಇವನಿಗೆ ಸಿಟ್ಟು ಬಂದಿದೆಯೋ ಹಸಿವಾಗಿದೆಯೋ ಎಂದು ಅವನು ಹೇಳಬಲ್ಲವನಾಗಿದ್ದ. ಡ್ರೈವರ್‌ನ ಹೆಂಡತಿ ಹೆರಿಗೆಯಲ್ಲಿ ರಕ್ತ ಸುರಿಸಿಕೊಂಡು ಬಿಳಿಚಿ ಮಲಗಿದ್ದಾಗ ಆಸ್ಪತ್ರೆಗೆ ಮೊದಲು ಓಡಿದವನು ಇದೇ ಬ್ಲಡ್ಡಣ್ಣ. ಆ ಹೆರಿಗೆಯಲ್ಲಿ ಹುಟ್ಟಿದ ಮಗಳಿಗೆ ಈಗ ಮೀಸೆ ತೋರಿಸಿ ಹೆದರಿಸುವ ದೊಡ್ಡಪ್ಪನೂ ಇವನೇ.

ಹೀಗಿರುವಾಗ ಬ್ಲಡ್ಡಣ್ಣನಿಗೆ ಬಸ್ಸಿನ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು ಬರತೊಡಗಿತು. ಹೃದಯದ ಕವಾಟವೊಂದು ಗಟ್ಟಿಯಾಗಿ ಸರಿಯಾಗಿ ತೆರೆಯುತ್ತಿಲ್ಲ, ಬದಲಿಸಲೇಬೇಕು ಎಂದರು ಡಾಕ್ಟರು. ತಡ ಮಾಡಿದರೆ ಜೀವಕ್ಕೆ ಅಪಾಯ. ರಕ್ತದ ಏರ್ಪಾಡಾಗದೆ ಆಪರೇಷನ್ ಇಲ್ಲ.

"ಇಷ್ಟೇ ತಾನೇ ಸಾರ್?" ಎಂದು ನಕ್ಕ ಬ್ಲಡ್ಡಣ್ಣ.

ಆದರೆ ಡಿಪೋಗೆ ಬಂದು ಕ್ಯಾಂಟೀನಿನ ಬಾಗಿಲಲ್ಲಿ ನಿಂತಾಗ ನಾಲಿಗೆ ಏಳಲಿಲ್ಲ. ಊರಿಗೆಲ್ಲ ಕೇಳಿದ ಬಾಯಿಗೆ ತನಗಾಗಿ ಕೇಳುವುದು ಬರಲಿಲ್ಲ. ಹಾಗೇ ಹಿಂದಿರುಗಿ ಡ್ರೈವರ್‌ನ ಹೆಗಲು ಹಿಡಿದ. "ಲೋ, ನನ್ನ ಕೈಲಿ ಆಗ್ತಿಲ್ಲ ಕಣೋ. ನೀನೇ ಒಂದು ಮಾತು ಹೇಳು."

"ನೀನು ಹೋಗಿ ಮಲ್ಕೋ ಹೋಗೋ. ಮೊದಲು ತೋಳು ಚಾಚೋನು ನಾನು. ಉಳಿದೋರನ್ನ ಕತ್ತು ಹಿಡ್ಕೊಂಡು ತರ್ತೀನಿ. ನಾನಿರೋವಾಗ ನಿಂಗ್ಯಾಕೆ ಚಿಂತೆ?"

ಆ ಮಾತನ್ನೇ ಹೊದ್ದುಕೊಂಡು ಬ್ಲಡ್ಡಣ್ಣ ಆಸ್ಪತ್ರೆ ಸೇರಿದ.

ಆಪರೇಷನ್ನಿನ ದಿನ ಬಂತು. ಬೆಳಗ್ಗೆ ಎದೆಯ ಕೂದಲು ಬೋಳಿಸಿ, ಹಿಂದೆ ದಾರ ಕಟ್ಟುವ ಹಸಿರು ನಿಲುವಂಗಿ ತೊಡಿಸಿದರು. ಹೆಂಡತಿಗೆ ಅವನು ಹೇಳಿದ: "ಕೆಳಗಡೆ ರಕ್ತ ತಗೊಳ್ಳೋ ಕೋಣೆ ಹತ್ರ ಹೋಗಿ ನೋಡೇ. ಅಷ್ಟು ಜನ ಬಂದ್ರೆ ಗಲಾಟೆ ಮಾಡ್ತಾರೆ. ಸುಮ್ನಿರಿ ಅಂತ ಹೇಳು."

ಹೆಂಡತಿ ಹೋಗಿ ಬಂದಳು. "ಇನ್ನೂ ಯಾರೂ ಬಂದಿಲ್ಲರೀ."

"ಮೊದಲನೇ ಟ್ರಿಪ್ ಮುಗಿಸಿ ಬರ್ತಾರೆ ಬಿಡು."

ಮತ್ತೆ ಹೋದಳು, ಮತ್ತೆ ಬಂದಳು. ಡ್ರೈವರ್‌ನ ಫೋನ್ ಹತ್ತಲಿಲ್ಲ. ಕೊನೆಗೆ ತಾನೇ ಹೋಗಿ ತೋಳು ಚಾಚಿದಳು. ಬೆರಳು ಚುಚ್ಚಿ ನೋಡಿದ ನರ್ಸಮ್ಮ, "ನಿಮಗೇ ರಕ್ತ ಕಡಿಮೆ ಇದೆಯಲ್ಲಮ್ಮ, ನಿಮ್ಮ ಹತ್ತಿರ ಏನು ತಗೊಳ್ಳಲಿ?" ಎಂದು ಎಬ್ಬಿಸಿ ಕಳಿಸಿದಳು. ಅದನ್ನು ಅವಳು ಗಂಡನಿಗೆ ಹೇಳಲಿಲ್ಲ. ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಬ್ಲಡ್ಡಣ್ಣ ವಾರ್ಡಿನ ಬಾಗಿಲಿನ ಮೇಲೆ ಕಣ್ಣು ನೆಟ್ಟು ಮಲಗಿದ್ದ. ಹೊರಗೆ ಚಪ್ಪಲಿ ಸದ್ದಾದರೆ ತಲೆ ಎತ್ತುತ್ತಿದ್ದ. ಬಂದವರು ಪಕ್ಕದ ಮಂಚದವರ ಕಡೆಯವರು. ಮಧ್ಯಾಹ್ನ ನರ್ಸಮ್ಮ ಬಂದು ಕೈಗೆ ಹಾಕಿದ್ದ ಸೂಜಿ ತೆಗೆದಳು. "ಇವತ್ತು ಆಗಲ್ಲ ಅಣ್ಣ. ಊಟ ಮಾಡಿ."

ಊಟ ಹಾಗೇ ಆರಿತು. ಎದೆ ನೋವಿಗಿಂತ ಆ ಬೋಳಿಸಿದ ಎದೆ ಅವನನ್ನು ಹೆಚ್ಚು ಸುಟ್ಟಿತು. ಹೆಣ್ಣನ್ನು ಸಿಂಗರಿಸಿ ಕೂರಿಸಿದ ಮೇಲೆ ನೋಡಲು ಯಾರೂ ಬರದೆ ಹೋದ ಹಾಗಾಯಿತಲ್ಲ ಎಂದು ಗೋಡೆಯ ಕಡೆ ಹೊರಳಿದ.

ಮರುದಿನ ಡಾಕ್ಟರು ಇನ್ನು ಕಾಯುವುದು ಸರಿಯಲ್ಲವೆಂದು ರಕ್ತನಿಧಿಯವರನ್ನು ಕಾಡಿಬೇಡಿ, ಅಲ್ಲಿದ್ದದ್ದನ್ನೇ ತೆಗೆದಿರಿಸಿಕೊಂಡು ಕತ್ತರಿ ಹಿಡಿದರು. ಹೊಸ ಕವಾಟ ಕೂತಿತು. ಆದರೆ ಆಮೇಲೆ ಎದೆಗೆ ಹಾಕಿದ್ದ ಕೊಳವೆಯಲ್ಲಿ ರಕ್ತ ಹೊರಗೆ ಇಳಿಯುವುದು ನಿಲ್ಲಲಿಲ್ಲ. ಡಾಕ್ಟರು ಅವಸರ ಮಾಡಲಿಲ್ಲ. ಬೇಡದ ರಕ್ತ ಹಾಕಿದರೂ ಮೈಗೆ ಕೇಡು ಎಂದು ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರು. ಇನ್ನು ಹಾಕದಿದ್ದರೆ ಉಳಿಯುವುದಿಲ್ಲ ಎನ್ನಿಸಿದಾಗ ಚೀಲ ನೇತುಹಾಕಿಸಿದರು. ಹನಿಹನಿಯಾಗಿ ಇಳಿಯಿತು. ಸಂಜೆಯ ಹೊತ್ತಿಗೆ ತುಟಿಗೆ ಬಣ್ಣ ಬಂತು.

ಕಣ್ಣು ಬಿಟ್ಟವನು ಮೊದಲು ಕೇಳಿದ್ದು, "ಸಿಸ್ಟರ್, ಯಾರದ್ದು ಇದು?"

"ಚೀಲದ ಮೇಲೆ ಹೆಸರಿರಲ್ಲ ಅಣ್ಣ. ಯಾರೋ ಪುಣ್ಯಾತ್ಮರು."

ಯಾರ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕೋ ಅವರ ಮುಖ ಅವನಿಗೆ ಗೊತ್ತಾಗಲಿಲ್ಲ. ಯಾರ ಮುಖ ನೋಡಬಾರದು ಎನ್ನಿಸಿತ್ತೋ ಅವನು ಮಾರನೆಯ ದಿನ ಸೇಬಿನ ಚೀಲ ಹಿಡಿದು ಬಂದ.

"ಏನೋ ಮಗನೇ, ಹೊಸ ಎಂಜಿನ್ ಹಾಕಿಸ್ಕೊಂಡ್ಯಂತೆ?" ಎಂದ ಡ್ರೈವರ್.

ಬ್ಲಡ್ಡಣ್ಣ ನಗಲಿಲ್ಲ. "ಎಲ್ಲಿಗೋ ಹೋಗಿದ್ದೆ?"

ಬ್ಲಡ್ಡಣ್ಣನ ಹೆಂಡತಿ ನಡೆದದ್ದನ್ನೆಲ್ಲ ಹೇಳಿದಾಗ ಡ್ರೈವರ್ ಸ್ಟೂಲಿನ ಮೇಲೆ ಕುಸಿದ. "ಯಾರೂ ಬರ್ಲಿಲ್ವಾ ಅತ್ತಿಗೆ? ದೇವರಾಣೆಗೂ ನಂಗೆ ಗೊತ್ತಿಲ್ಲ. ಕ್ಯಾಂಟೀನಲ್ಲಿ ನಿಂತು ಕೂಗಿದೆ, ನಮ್ಮ ಬ್ಲಡ್ಡಣ್ಣಂಗೆ ರಕ್ತ ಬೇಕ್ರೋ ಅಂತ. ಕುಂತಿದ್ದೋರೆಲ್ಲ ಕೈ ಎತ್ತಿದ್ರು. ಅಡುಗೆಯೋನೂ ಸೌಟು ಹಿಡ್ಕೊಂಡೇ ಎತ್ತಿದ. ಇಷ್ಟು ಜನ ಇದ್ದಾರಲ್ಲ, ನಾನೊಬ್ಬ ಹೋಗದಿದ್ರೆ ಏನಾಗುತ್ತೆ ಅಂತ ಪ್ರವಾಸದ ಬಸ್ ತಗೊಂಡು ಹೊರಟೆ. ಫೋನ್ ಚಾರ್ಜೂ ಸತ್ತೋಯ್ತು. ಅವರೂ ಹಂಗೇ ಅಂದ್ಕೊಂಡ್ರೋ ಏನೋ! ಇವನಿಗೆ ಕೊಡೋರಿಗೇನು ಬರ ಅಂತ..."

"ಅವರು ಅಂದ್ಕೊಳ್ಳಲಿ. ಅವರನ್ನ ನಾನು ಕೇಳಿರಲಿಲ್ಲ," ಎಂದ ಬ್ಲಡ್ಡಣ್ಣ. ಹೊಲಿಗೆ ಹಾಕಿದ ಎದೆಯ ಮೇಲೆ ದಿಂಬು ಒತ್ತಿ ಹಿಡಿದು, ಉಸಿರು ಬಿಟ್ಟು ಬಿಟ್ಟು ಮಾತಾಡಿದ. "ನಿನ್ನೊಬ್ಬನನ್ನೇ ಕೇಳಿದ್ದೆ."

"ತಪ್ಪಾಯ್ತು ಕಣೋ. ಈಗ ಬೇಕಾದ್ರೆ ಎಷ್ಟಾದ್ರೂ ತಗೊಳ್ಳಲಿ. ಈಗಲೇ ಕೊಟ್ಟು ಬರ್ತೀನಿ."

"ಕೊಡು. ನನ್ನ ಹಾಗೆ ಕಾಯ್ತಾ ಮಲಗಿರೋನು ಇನ್ನೊಬ್ಬ ಇರ್ತಾನೆ."

ಡ್ರೈವರ್ ಹೋಗಿ ಕೊಟ್ಟೇ ಬಂದ. ಮೊಣಕೈ ಮಡಚಿಕೊಂಡು ವಾರ್ಡಿನ ಬಾಗಿಲಿಗೆ ಬಂದು ನಿಂತ. ಬ್ಲಡ್ಡಣ್ಣ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆಯಲ್ಲ ಅದು. ಇಬ್ಬರಿಗೂ ಗೊತ್ತಿತ್ತು.

ತಿಂಗಳುಗಳು ಕಳೆದು ಬ್ಲಡ್ಡಣ್ಣ ಡಿಪೋಗೆ ಮರಳಿದ. ಎಲ್ಲರೂ ಸುತ್ತುಗಟ್ಟಿದರು, ಎಲ್ಲರೂ ಅದನ್ನೇ ಹೇಳಿದರು, ಬೇರೆಯವರು ಹೋಗಿರುತ್ತಾರೆ ಅಂದುಕೊಂಡೆವು ಎಂದು. "ಇರಲಿ ಬಿಡ್ರೋ," ಎಂದು ಎಲ್ಲರ ಬೆನ್ನು ತಟ್ಟಿದ. ಅವರ ಮೇಲೆ ಅವನಿಗೆ ಸಿಟ್ಟು ನಿಲ್ಲಲಿಲ್ಲ. ಮ್ಯಾನೇಜರು, "ನಿನ್ನ ಹಳೇ ಬಸ್ಸು, ಹಳೇ ಜೊತೆಗಾರ, ಎಲ್ಲ ಹಾಗೇ ಇಟ್ಟಿದ್ದೀನಿ ಕಣಯ್ಯ," ಎಂದಾಗ ಮಾತ್ರ ಕೈ ಮುಗಿದ. "ಬೇರೆ ರೂಟ್ ಕೊಡಿ ಸಾರ್."

ಮ್ಯಾನೇಜರು ಅವನ ಮುಖ ನೋಡಿದರು. ಬೇರೆ ರೂಟ್ ಬರೆದುಕೊಟ್ಟರು.

ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸುಗಳು ಅಕ್ಕಪಕ್ಕ ನಿಂತವು. ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ. ಮುಖ ಸೊರಗಿತ್ತು, ಕ್ಷೌರವಾಗಿರಲಿಲ್ಲ.

"ಲೋ! ಹೆಂಗಿದ್ದೀಯೋ? ಊಟ ಆಯ್ತೇನೋ?"

ಚಿಲ್ಲರೆ ಕೊಡುತ್ತಿದ್ದ ಬ್ಲಡ್ಡಣ್ಣ ತಲೆ ಎತ್ತಿ ನೋಡಿದ. ದಾರಿ ಕೇಳಿದ ಅಪರಿಚಿತರಿಗೆ ಹೇಳುವಷ್ಟೇ ಮರ್ಯಾದೆಯಿಂದ ಹೇಳಿದ:

"ಆಯ್ತು ಸಾರ್. ನಿಮ್ಮದಾಯ್ತಾ?"