ಕಂಪ್ಯೂಟರಿಗೊಂದು ನಲ್ಲಿ

ಗುಂಡ್ಲುಪೇಟೆಯಲ್ಲಿ ನನ್ನದು ಮದುವೆ ವಿಡಿಯೋ ಎಡಿಟ್ ಮಾಡುವ ಅಂಗಡಿ. ಬೇಸಿಗೆಯಲ್ಲಿ ಕಂಪ್ಯೂಟರು ಕಾದು, ಸರಿಯಾಗಿ ಧಾರೆ ಎರೆಯುವ ದೃಶ್ಯಕ್ಕೇ ನಿಂತುಹೋಗುತ್ತಿತ್ತು. ಅದನ್ನು ನೀರಿನಿಂದ ತಣ್ಣಗಿಡುವ ಸಾಮಾನು ತರಿಸಿದೆ. ಅದರ ರೇಡಿಯೇಟರು ಕಂಪ್ಯೂಟರಿನ ಹಳೆಯ ಡಬ್ಬದೊಳಗೆ ಹಿಡಿಸಲಿಲ್ಲ. ಖಾಲಿ ಡಬ್ಬವನ್ನು ಗ್ರಿಲ್ ಅಂಗಡಿಗೆ ಒಯ್ದು, ಮೇಲಿನ ತಗಡನ್ನು ಗುರುತು ಹಾಕಿದಷ್ಟು ಕತ್ತರಿಸಿಕೊಡು ಎಂದೆ.

"ಯಾಕ್ ಸಾ?" ಎಂದ ಅಂಗಡಿಯವನು.

"ನೀರು ಹಾಕ್ತೀನಿ" ಎಂದು ಹೇಳಿ ಊಟಕ್ಕೆ ಹೋದೆ.

ಬಂದು ನೋಡಿದರೆ ಮೇಲಿನ ಕಿಂಡಿ ಚೊಕ್ಕವಾಗಿತ್ತು. ಡಬ್ಬದ ಮುಂಭಾಗದಲ್ಲಿ, ತಳದ ಹತ್ತಿರ, ಒಂದು ನಲ್ಲಿಯೂ ಇತ್ತು.

"ಇದೇನಯ್ಯಾ?"

"ನೀರ್ ತುಂಬುಸ್ದ ಮ್ಯಾಲೆ ತೊಳೆಯಕೆ ಬ್ಯಾಡ್ವಾ ಸಾ? ಪಾಚಿ ಕಟ್ಬುಡ್ತದೆ."

ನೀರು ಸಣ್ಣ ಕೊಳವೆಯೊಳಗೇ ಸುತ್ತುತ್ತದೆ, ಡಬ್ಬಕ್ಕೆ ತುಂಬುವುದಿಲ್ಲ ಎಂದು ವಿವರಿಸಿದೆ. ಅವನು ಗೌರವದಿಂದ ಕೇಳಿಸಿಕೊಂಡು, "ಮೊದ್ಲು ಎಲ್ರೂ ಅಂಗೇ ಅಂತಾರೆ" ಎಂದ. ನಲ್ಲಿಗೆ ವೆಲ್ಡಿಂಗ್ ಆಗಿತ್ತು. ಕಿತ್ತರೆ ತಗಡೂ ಕಿತ್ತು ಬರುತ್ತಿತ್ತು. ಹಾಗೇ ತಂದು, ಒಳಗೆ ಎಲ್ಲ ಜೋಡಿಸಿ ಮೇಜಿನ ಮೇಲಿಟ್ಟೆ.

ಈಗ ಕಂಪ್ಯೂಟರು ನಡುವೆ ನಿಲ್ಲುವುದಿಲ್ಲ. ಬಂದವರೆಲ್ಲ ನಲ್ಲಿ ಯಾಕೆ ಎಂದು ಕೇಳುತ್ತಾರೆ. ಬೇಸಿಗೆಯಿಡೀ ಕೊಳವೆ, ರೇಡಿಯೇಟರು ಎಂದು ವಿವರಿಸಿ ನನ್ನ ಗಂಟಲು ಒಣಗಿತು.

ಮೊನ್ನೆ, ಮೊಮ್ಮಗಳ ಮದುವೆಯ ವಿಡಿಯೋ ಕೇಳಲು ಬಂದ ಅಜ್ಜಿಯೊಬ್ಬರು ನಲ್ಲಿ ಯಾಕೆ ಎಂದು ಕೇಳಲಿಲ್ಲ. ಚೀಲದಿಂದ ಬಾಟಲಿ ತೆಗೆದು, ನಲ್ಲಿಗೆ ಹಿಡಿದು ತಿರುಗಿಸಿದರು. ಏನೂ ಬರಲಿಲ್ಲ.

"ಇವತ್ತು ನೀರ್ ಬುಟ್ಟಿಲ್ವಾ ಮಗ?"

"ಇಲ್ಲ ಕಣವ್ವ" ಎಂದೆ. "ನಾಳೆ ಬುಡ್ತಾರೆ."