ಹಾಡು ಬಂದಾಗ ಅಡುಗೆ, ಮಾತು ಬಂದಾಗ ಪೆನ್ಸಿಲು

ನಮ್ಮ ಮಾವನವರು ಗುಬ್ಬಿಯಿಂದ ತುಮಕೂರಿನ ಮೇಲೆ ಕುಣಿಗಲ್ಲಿಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟ ಮೇಲೂ ಅವರ ಬಾಯಿ ಮಾತ್ರ ಬಸ್ಸಿನಲ್ಲೇ ಉಳಿದಿತ್ತು. ಯಾವುದಕ್ಕಾದರೂ ಒಪ್ಪಿಗೆ ಕೊಡಬೇಕಾದರೆ ‘ಹೂಂ’ ಅನ್ನುತ್ತಿರಲಿಲ್ಲ, ‘ರೈಟ್’ ಅನ್ನುತ್ತಿದ್ದರು. ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟು ಮುಗಿಸಿ, ಕೈ ತೊಳೆದು, ನಮ್ಮಪ್ಪನ ಮುಂದೆ ಹೇಳಿದ್ದೂ ಅದೊಂದೇ ಮಾತು. ಬೇಡ ಅನ್ನಿಸಿದರೆ ಮಾತ್ರ ಮಾತು ಉದ್ದವಾಗುತ್ತಿತ್ತು.

ರೇಡಿಯೋ ಮುಂದೆಯೂ ಹಾಗೇ. ಬೆಳಗ್ಗೆ ಎದ್ದು ಅದರ ಕಿವಿ ತಿರುಗಿಸಿದರೆ ಮಲಗುವವರೆಗೂ ಅದು ಮಾತಾಡಬೇಕು, ಇವರು ಅದಕ್ಕೆ ಉತ್ತರ ಕೊಡಬೇಕು. ವಾರ್ತೆ ಓದುವವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಇವರದು ಎರಡಾಗಿರುತ್ತಿತ್ತು. ನನ್ನ ಕಷ್ಟ ಶುರುವಾದದ್ದು ಅಲ್ಲಿಂದಲೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮದುವೆಗೆ ಮುಂಚೆ ನಾನು ಕನ್ನಡ ಶೀಘ್ರಲಿಪಿಯಲ್ಲಿ ಜೂನಿಯರ್ ಪಾಸು ಮಾಡಿದ್ದೆ. ಸೀನಿಯರ್ ಕಟ್ಟಿ ಗೆದ್ದರೆ ಕೋರ್ಟಿನಲ್ಲೋ ಡಿ.ಸಿ. ಆಫೀಸಿನಲ್ಲೋ ಸ್ಟೆನೋ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಸುತ್ತಿ ಬಳಸಿ ಹೇಳುವುದೇನು, ಆ ಕೆಲಸ ನನಗೆ ಬೇಕೇ ಬೇಕಿತ್ತು. ಆದರೆ ಇನ್‌ಸ್ಟಿಟ್ಯೂಟ್ ಇದ್ದದ್ದು ತುಮಕೂರಿನಲ್ಲಿ. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರಬೇಕು. ನಮ್ಮನೆಯವರು ಫ್ಯಾಕ್ಟರಿಯ ಶಿಫ್ಟು ಮುಗಿಸಿ ಬಂದವರು ‘ಅಪ್ಪನ್ನ ಒಪ್ಸು, ನಂದೇನಿಲ್ಲ’ ಎಂದು ಮಗ್ಗುಲು ತಿರುಗಿಬಿಟ್ಟರು.

ಮಾವ ಒಪ್ಪುತ್ತಾರೆಯೇ? ‘ಆ ಬಸ್ಸಿನ ರಶ್ಶು ನಿಂಗೇನ್ ಗೊತ್ತಮ್ಮ, ನಂಗ್ಗೊತ್ತು. ಫುಟ್‌ಬೋರ್ಡ್ ಮೇಲೆ ನೇತಾಡ್ಕೊಂಡು ಹೋಗಿ ಸೊಟ್ಟ ಗೆರೆ ಕಲೀಬೇಕಾ?’

ಮನೆಯಲ್ಲಿ ನನಗೆ ಡಿಕ್ಟೇಶನ್ ಕೊಡುವವರು ಯಾರೂ ಇರಲಿಲ್ಲ. ಹಾಗಾಗಿ ರೇಡಿಯೋ ವಾರ್ತೆಯನ್ನೇ ಬರೆದುಕೊಂಡು ಕೈ ಪಳಗಿಸುತ್ತಿದ್ದೆ. ಒಂದು ಸಂಜೆ ಮಾವ ನನ್ನ ನೋಟ್‌ಬುಕ್ ಎತ್ತಿಕೊಂಡು ತಲೆಕೆಳಗು ಮಾಡಿ ನೋಡಿ ನಕ್ಕರು. ‘ಇದು ಬರವಣಿಗೇನಾ? ಕೋಳಿ ಕೆರೆದಂಗದೆ. ಸುಮ್ನೆ ಗೀಚ್ತೀಯ, ಯಾರ್ ಕೇಳ್ತಾರೆ ಅಂತ.’

ನನಗೆ ರೇಗಿತು. ‘ಏನ್ ಬರ್ದಿದ್ರೂ ಓದ್ತೀನಿ ಮಾವ, ಪರೀಕ್ಷೆ ಮಾಡಿ’ ಅಂದೆ.

‘ಹಂಗಾದ್ರೆ ನಾಳೆ ರೇಡಿಯೋ ಬಾಯ್ ಬಿಟ್ಟಾಗಿಂದ ಸಂಜೆ ದೆಹಲಿ ವಾರ್ತೆ ಮುಗಿಯೋವರ್ಗೂ ಮಾತಾಡಿದ್ದೆಲ್ಲಾ ಬರಿ. ಹಾಡು ಬ್ಯಾಡ. ಆಮೇಲ್ ಓದು. ಒಂದ್ ಕಡೆ ಬಿಟ್ಟಿದ್ರೂ ತುಮಕೂರಿನ ಮಾತು ಎತ್ತಬಾರ್ದು.’

‘ಆಗ್ಲಿ’ ಅಂದೆ. ಅಂದ ಮೇಲೆ ಹೆದರಿಕೆಯಾದದ್ದೂ ನಿಜ. ಯಾವ ಸ್ಟಾಪಿನಲ್ಲಿ ಯಾರು ಹತ್ತಿದರು, ಎಲ್ಲಿ ಇಳಿದರು ಎಂದು ಮೂವತ್ತು ವರ್ಷ ನೆನಪಿಟ್ಟ ತಲೆ ಅದು. ಅವರ ಮುಂದೆ ಸುಳ್ಳು ಓದಿ ದಕ್ಕಿಸಿಕೊಳ್ಳುವ ಮಾತೇ ಇರಲಿಲ್ಲ.

ಮರುದಿನ ನಸುಕಿಗೇ ಆರು ಪೆನ್ಸಿಲು ಚೂಪು ಮಾಡಿಟ್ಟುಕೊಂಡು ಕೂತೆ. ಮೊದಲು ಬಂದದ್ದು ಚಿಂತನ. ಆಮೇಲೆ ರೈತರಿಗೆ ಸಲಹೆ, ತೆಂಗಿನ ನುಸಿ ಪೀಡೆಗೆ ಏನು ಮಾಡಬೇಕು ಅಂತ. ಸಂಸ್ಕೃತ ವಾರ್ತೆ ಬಂದಾಗ ಮಾವ ‘ಅದು ನಂಗೂ ತಿಳಿಯಲ್ಲ, ಬುಡು’ ಎಂದು ದೊಡ್ಡ ಮನಸ್ಸು ಮಾಡಿದರು. ಪ್ರದೇಶ ಸಮಾಚಾರ ಬರೆದೆ, ದೆಹಲಿಯಿಂದ ಬಂದ ಕನ್ನಡ ವಾರ್ತೆ ಬರೆದೆ. ವಾರ್ತೆಯ ನಡುವೆ ಮಾವ ಮಂತ್ರಿಗಳನ್ನು ಬೈದದ್ದು ಕಿವಿಗೆ ಬಿದ್ದರೂ ಕೈಗೆ ಇಳಿಯಗೊಡಲಿಲ್ಲ.

ಅಡುಗೆ ಯಾರು ಮಾಡಬೇಕು? ನಾನೇ. ಚಿತ್ರಗೀತೆ ಶುರುವಾದರೆ ಎದ್ದು ಓಡುವುದು, ಹಾಡು ಮುಗಿಯುವಷ್ಟರಲ್ಲಿ ಓಡಿ ಬಂದು ಕೂರುವುದು. ಒಂದು ಹಾಡಿಗೆ ಬೇಳೆ ತೊಳೆದೆ, ಇನ್ನೊಂದಕ್ಕೆ ಸೊಪ್ಪು ಹೆಚ್ಚಿದೆ. ಮುದ್ದೆ ತಿರುವಲು ಎರಡು ಕೈಯೂ ಬೇಕಲ್ಲ, ಉದ್ದನೆಯ ಭಾವಗೀತೆಯೊಂದು ಬಂದು ಪುಣ್ಯ ಕಟ್ಟಿಕೊಂಡಿತು. ಮಹಿಳೆಯರ ಕಾರ್ಯಕ್ರಮದಲ್ಲಿ ರಕ್ತಹೀನತೆ ಬಗ್ಗೆ ಮಾತಾಡಿದ ಡಾಕ್ಟರಮ್ಮ ಉಸಿರೇ ಬಿಡದೆ ಓಡಿದರು. ಅವರ ಹಿಂದೆ ನಾನೂ ಓಡಿದೆ. ಬೆರಳು ಮರಗಟ್ಟಿತು, ಆದರೆ ಒಂದು ಮಾತೂ ಬಿಡಲಿಲ್ಲ.

ತಪ್ಪಿದ್ದು ಮಧ್ಯಾಹ್ನದ ವಾರ್ತೆಯಲ್ಲಿ. ಮಾವ ಹೊರಗೆ ಜಗಲಿಯ ಮೇಲೆ ಕೂತಿದ್ದರು. ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಬಂದು ಅವರನ್ನು ಮಾತಿಗೆಳೆದ. ಕಿಟಕಿ ತೆರೆದಿತ್ತು. ರೇಡಿಯೋ ತನ್ನ ಪಾಡಿಗೆ ಓದುತ್ತಲೇ ಇತ್ತು. ನನ್ನ ಕೈ ಮಾತ್ರ ವಾರ್ತೆ ಬಿಟ್ಟು ಕಿಟಕಿಯ ಕಡೆಯ ಮಾತನ್ನು ಬರೆಯತೊಡಗಿತ್ತು. ಎಚ್ಚೆತ್ತು ವಾರ್ತೆಗೆ ಮರಳುವಷ್ಟರಲ್ಲಿ ಒಂದು ಇಡೀ ಸುದ್ದಿ ಹೋಗಿಬಿಟ್ಟಿತ್ತು.

ಬಿಕ್ಕಿ ಬಿಕ್ಕಿ ಅಳುವಂತಾಯಿತು. ಆಮೇಲೆ ದುರ್ಬುದ್ಧಿಯೊಂದು ಬಂತು: ಆ ಸುದ್ದಿಯನ್ನು ಮಾವನೂ ಕೇಳಿಲ್ಲ, ದಾಟಿಸಿ ಓದಿದರೆ ಯಾರಿಗೆ ಗೊತ್ತಾಗುತ್ತದೆ? ಸಂಜೆಯ ಕೃಷಿ ಕಾರ್ಯಕ್ರಮ ಬರೆಯುವಾಗಲೂ ಅದೇ ಯೋಚನೆ, ದೆಹಲಿ ವಾರ್ತೆಯಲ್ಲೂ ಅದೇ.

ವಾರ್ತೆ ಮುಗಿಯಿತು. ಮಾವ ರೇಡಿಯೋ ಆರಿಸಿ ಚಾಪೆಯ ಮೇಲೆ ಕೂತು ‘ಎಲ್ಲಿ, ಓದು’ ಅಂದರು. ಓದುತ್ತಾ ಹೋದೆ. ತೆಂಗಿನ ನುಸಿ ಬಂತು, ಡಾಕ್ಟರಮ್ಮ ಬಂದರು. ಮಾವ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಹಿಂದಿನ ಸಂಜೆಯ ನಗು ಮಾಯವಾಗಿತ್ತು. ಮಧ್ಯಾಹ್ನದ ಪುಟಕ್ಕೆ ಬಂದಾಗ ನಿಲ್ಲಿಸಿದೆ. ದಾಟಿಸಬಹುದಿತ್ತು, ಮನಸ್ಸು ಬರಲಿಲ್ಲ. ಬೆಳಗಿನಿಂದ ಅಷ್ಟು ನಿಯತ್ತಾಗಿ ಬರೆದ ಕೈಗೆ ನಾನೇ ಮೋಸ ಮಾಡುವುದೇ?

‘ಇಲ್ಲೊಂದು ಸುದ್ದಿ ಬಿಟ್ಟಿದೀನಿ ಮಾವ.’

ಅವರು ಕಣ್ಣು ತೆರೆದರು. ‘ಬಿಟ್ಟು?’

‘ಬೇರೆ ಏನೋ ಬರ್ದಿದೀನಿ.’

‘ಅದೇನದು, ಓದು.’

ಓದಿದೆ. ‘ಮೆಲ್ಲಗ್ ಮಾತಾಡಪ್ಪ. ಒಳಗೆ ನಮ್ ಸೊಸೆ ಬರೀತಾವ್ಳೆ. ರೇಡಿಯೋದೋನು ಉಸ್ರು ಬುಡೋದ್ರೊಳ್ಗೆ ಇವ್ಳು ಬರ್ದು ಮುಗ್ಸಿರ್ತಾಳೆ. ಎಂಥೆಂಥಾ ಆಫೀಸ್ನೋರ್ನ ಬಸ್ಸಲ್ಲಿ ಕೂರ್ಸ್ಕೊಂಡು ಹೋಗಿವ್ನಿ, ಇಂಥಾ ಕೈ ನೋಡಿಲ್ಲ ಕಣಪ್ಪ. ಅವ್ಳ ಮುಂದೆ ಮಾತ್ರ ಹೇಳ್ಬ್ಯಾಡ, ತಲೆ ಮೇಲೆ ಕೂತ್ಕೊಂತಾಳೆ.’

ನನಗೆ ತಲೆ ಎತ್ತಲು ಆಗಲಿಲ್ಲ, ಕಣ್ಣು ತುಂಬಿಕೊಂಡಿತ್ತು. ಮಾವ ಹೆಗಲ ಮೇಲಿನ ಟವಲು ತೆಗೆದು ಒದರಿದರು, ಮತ್ತೆ ಹಾಕಿಕೊಂಡರು. ಅಷ್ಟಾದರೂ ಕಂಡಕ್ಟರ್ ಕಂಡಕ್ಟರೇ.

‘ಬಿಟ್ಟಿದ್ದು ಬಿಟ್ಟಿದ್ದೇ ಕಣಮ್ಮ. ಸೋತೆ ನೀನು.’

ಎದ್ದು ಒಳಗೆ ಹೊರಟವರು ಬಾಗಿಲಲ್ಲಿ ನಿಂತರು. ‘ನಾಳೆ ಇನ್ನೊಂದ್ ಸಲ ಬರಿ. ನಾನು ಬಾಯ್ ಮುಚ್ಕೊಂಡಿರ್ತೀನಿ.’

ಆ ಮಾತನ್ನು ಯಾರು ನಂಬುತ್ತಾರೆ? ನಾನಂತೂ ನಂಬಲಿಲ್ಲ. ಆದರೆ ಮರುದಿನ ಬೆಳಗ್ಗೆ ಚಿಂತನಕ್ಕೆ ಮುಂಚೆ ರೇಡಿಯೋ ಮುಂದೆ ಕೂತವರು ತುಟಿ ಬಿಚ್ಚಲಿಲ್ಲ. ವಾರ್ತೆಯಲ್ಲಿ ಮಂತ್ರಿಗಳು ಬಂದು ಹೋದರು, ಒಬ್ಬರಿಗೂ ಬೈಗುಳ ಬೀಳಲಿಲ್ಲ. ಕಾಫಿ ಬೇಕಾದಾಗ ಲೋಟ ತೋರಿಸಿದರು. ಮಧ್ಯಾಹ್ನ ಕೊಬ್ಬರಿ ವ್ಯಾಪಾರಿ ಬಂದರೆ ಮೊದಲು ರೇಡಿಯೋ ಕಡೆ ಬೆರಳು ಮಾಡಿದರು, ಆಮೇಲೆ ರಸ್ತೆಯ ಕಡೆ. ಅವನು ಮುಖ ಸಣ್ಣದು ಮಾಡಿಕೊಂಡು ಹೋದ. ನಾನು ಹಾಡಿಗೆ ಎದ್ದೆ, ಮಾತಿಗೆ ಕೂತೆ.

ಸಂಜೆ ದೆಹಲಿ ವಾರ್ತೆ ಮುಗಿದ ಮೇಲೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಎಲ್ಲೂ ನಿಲ್ಲಿಸಲಿಲ್ಲ. ನೋಟ್‌ಬುಕ್ ಮುಚ್ಚಿ ಮಾವನ ಮುಖ ನೋಡಿದೆ. ಅವರು ಏನೋ ಹೇಳಲು ಬಾಯಿ ತೆರೆದರು. ಬೆಳಗಿನಿಂದ ಮಾತೇ ಆಡದ ಗಂಟಲು, ಬರೀ ಗಾಳಿ ಬಂತು. ಕೆಮ್ಮಿ ಸರಿಮಾಡಿಕೊಂಡು, ಎರಡು ದಿನದಿಂದ ನಾನು ಕಾಯುತ್ತಿದ್ದ ಮಾತನ್ನು ಇನ್ನೊಮ್ಮೆ ಹೇಳಿದರು.

‘ರೈಟ್.’