ಸುಮತಿ ಅಕ್ಕ ಕೊಟ್ಟ ಆಯ್ಕೆ

ಕಂಪ್ಯೂಟರಿನ ಆಟ 'ನೀನು ಯಾರ ಕಡೆ?' ಎಂದು ಕೇಳಿದ ಕೂಡಲೇ ಸುಮತಿ ಅಕ್ಕ ಮೌಸ್ ಬಿಟ್ಟು ಎರಡೂ ಕೈಗಳನ್ನು ತೊಡೆಯಡಿಗೆ ತುರುಕಿಕೊಳ್ಳುತ್ತಿದ್ದರು. "ಇಲ್ಲದಿದ್ರೆ ಈ ಬೆರಳು ನನ್ನನ್ನು ಕೇಳದೆಯೇ ಒತ್ತಿಬಿಡ್ತದೆ ಮಾರಾಯ" ಎನ್ನುವರು. ಕಾಸರಗೋಡಿನವರು, ನಲವತ್ತು ದಾಟಿದವರು. ಆಟ ಆಡಿ ಸಂಬಳ ತೆಗೆದುಕೊಳ್ಳುವ ಹೆಂಗಸು ಕೇರಳದಲ್ಲೇ ನೀವೊಬ್ಬರೇ ಎಂದು ನಾವು ಛೇಡಿಸಿದರೆ, "ನಿನ್ನ ಹೊಟ್ಟೆಯುರಿಗೆ ಮದ್ದಿಲ್ಲ" ಎಂದು ನಗುವರು.

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ವಿದೇಶದ ಆಟಗಳನ್ನು ಬಿಡುಗಡೆಗೆ ಮುಂಚೆ ಆಡಿ ತಪ್ಪು ಹುಡುಕಿಕೊಡುವ ನಮ್ಮ ಸಣ್ಣ ಕಂಪನಿ ತಿರುವನಂತಪುರದ ಕಳಕ್ಕೂಟಂನಲ್ಲಿತ್ತು. ಮೈಸೂರಿನಿಂದ ಹೋದ ನನಗೆ ಕೆಲಸ ಕಲಿಸಿದವರು ಅಕ್ಕ.

ಒಮ್ಮೆ ಬಾಂಬು ಬಿದ್ದು ಲೋಕವೆಲ್ಲ ಬೂದಿಯಾದ ಮೇಲಿನ ಕಥೆಯ ಆಟ ಬಂತು. ಅಳಿದುಳಿದವರಲ್ಲಿ ಮೂರು ಬಣ: ನೀರು ಹಿಡಿದಿಟ್ಟುಕೊಂಡವರು, ಬಂದೂಕಿನವರು, ಬೀಜ ಉಳಿಸಿಕೊಂಡವರು. ಯಾರನ್ನು ಬೇಕಾದರೂ ಸೇರಬಹುದು, ಯಾರಿಗೆ ಬೇಕಾದರೂ ಕೈಕೊಡಬಹುದು, ಆಟಗಾರನಿಗೆ ಪೂರ್ತಿ ಸ್ವಾತಂತ್ರ್ಯ ಎಂದು ಜಾಹೀರಾತು. ಅಕ್ಕ ಮೂರೂ ಬಣ ಸೇರಿ ಮೂರು ಸಲ ಕೊನೆ ಮುಟ್ಟಿದರು. ಮೂರು ಸಲವೂ ಅದೇ ಊರು ಸುಟ್ಟುಹೋಯಿತು. ಇದು ದೋಷ ಎಂದು ಅಕ್ಕ ವರದಿ ಬರೆದರು. ಆಟ ತಯಾರಿಸಿದ ವಿದೇಶದವರು, ಯಾರ ಕಡೆ ಎಂದು ಕೇಳಿದರೆ ಸಾಕು, ಆಟಗಾರನಿಗೆ ಖುಷಿಯಾಗುತ್ತದೆ ಎಂದು ಅದನ್ನು ಮುಚ್ಚಿಹಾಕಿದರು. ಅಕ್ಕ ಮತ್ತೆ ಬರೆದರು. ಮ್ಯಾನೇಜರ್ ರೇಗಿದರೂ ಜಗ್ಗಲಿಲ್ಲ.

"ಆರಿಸ್ಲಿಕ್ಕೆ ಬಿಡುವ ಮನಸ್ಸಿಲ್ಲದಿದ್ರೆ ಕೇಳ್ಲಿಕ್ಕೆ ಹೋಗ್ಬಾರ್ದು. ಆಡುವವ ಪಾಪ, ತಾನೇ ಆರಿಸಿದ್ದು ಅಂತ ಸುಟ್ಟ ಊರಿನ ಪಾಪ ಹೊತ್ಕೊಂಡು ತಿರುಗ್ತಾನೆ!"

ಆ ದಿನದಿಂದ ಅಕ್ಕ ಹೇಳಿದ್ದೇ ನನಗೆ ಕೊನೆಯ ಮಾತಾಯಿತು.

ಕೊಚ್ಚಿಯಲ್ಲಿ ಶಾಖೆ ತೆರೆದಾಗ ಅಕ್ಕ ಕ್ಯಾಂಟೀನಿನಲ್ಲಿ ನನ್ನನ್ನೂ ಜೊತೆಗಾರ ರೆಜಿಯನ್ನೂ ಕೂರಿಸಿಕೊಂಡರು. ಇಬ್ಬರಲ್ಲಿ ಒಬ್ಬರು ಹೋಗಬೇಕಿತ್ತು. "ನಾನೇನೂ ಹೇಳುದಿಲ್ಲ. ನೀವೇ ಮಾತಾಡಿ ತೀರ್ಮಾನ ಮಾಡಿ" ಎಂದು ನನಗೆ ಕನ್ನಡದಲ್ಲೂ ಅವನಿಗೆ ಮಲಯಾಳದಲ್ಲೂ ಹೇಳಿದರು. ರೆಜಿಯ ಮಗುವಿಗೆ ಆಗಿನ್ನೂ ಒಂದು ತಿಂಗಳು. ನನ್ನ ಹೆಂಡತಿ ಶೈಲನಿಗೆ ತಿರುವನಂತಪುರದಲ್ಲೇ ಶಾಲೆಯೊಂದರಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ, ನಾನೇ ಹೋಗುತ್ತೇನೆ ಎಂದೆ. ರೆಜಿ ಕೈ ಹಿಡಿದುಕೊಂಡು ಕಣ್ಣೀರು ಹಾಕಿದ. ಅಕ್ಕ ಬೆನ್ನು ತಟ್ಟಿದರು. ಜೀವನದಲ್ಲಿ ಒಂದಾದರೂ ಒಳ್ಳೆಯ ಕೆಲಸ ಮಾಡಿದೆ ಎಂದು ನಾನೂ ಸ್ವಲ್ಪ ಉಬ್ಬಿದೆ, ಸುಳ್ಳು ಹೇಳುವುದಿಲ್ಲ.

ಶೈಲ ಮಾತ್ರ ಕ್ಷಮಿಸಲಿಲ್ಲ. "ನಿಮ್ಮನ್ನ ಯಾರೂ ಕಳಿಸ್ತಿಲ್ಲ, ನೀವೇ ಹೊರಟಿದೀರ. ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ಲ ಅಲ್ವಾ?" ಎಂದಳು. ಆಮೇಲೆ ಶನಿವಾರಕ್ಕೊಮ್ಮೆ ರೈಲು ಹತ್ತಿ ಮನೆಗೆ ಹೋದರೆ ನೆಂಟರಿಗೆ ಬಡಿಸಿದ ಹಾಗೆ ಬಡಿಸುತ್ತಿದ್ದಳು.

ಕೊಚ್ಚಿಯ ಆಫೀಸಿನಲ್ಲಿ ಕೆಲವು ವಾರ ತಾತ್ಕಾಲಿಕ ಪಾಸಿನಲ್ಲೇ ಓಡಾಡಿದೆ. ಒಂದು ದಿನ ನಾವೆಲ್ಲ ಚೇಟ್ಟನ್ (ಅಣ್ಣ) ಎನ್ನುತ್ತಿದ್ದ ಕಾವಲಿನವನು ಡ್ರಾಯರಿನ ತಳದಿಂದ ಲಕೋಟೆಯೊಂದನ್ನು ಎಳೆದು ಕೊಟ್ಟ. ಒಳಗೆ ನನ್ನ ಫೋಟೋ ಇದ್ದ ಗುರುತಿನ ಚೀಟಿ, ಜೊತೆಗೆ ಕೊಚ್ಚಿಗೆ ನನ್ನೊಬ್ಬನದೇ ಹೆಸರು ಸೂಚಿಸಿದ ಪತ್ರ. ಕೆಳಗೆ ಸುಮತಿ ಅಕ್ಕನ ಸಹಿ. ತಾರೀಖು ನೋಡಿ ಬೆರಳು ಮಡಚಿ ಎಣಿಸಿದೆ. ಕ್ಯಾಂಟೀನಿನಲ್ಲಿ ನಮ್ಮನ್ನು ಕೂರಿಸುವುದಕ್ಕೂ ಎರಡು ವಾರ ಮೊದಲಿನದು. ಅಷ್ಟು ನೋವು ನನಗೆ ಅಪ್ಪ ಬೈದಾಗಲೂ ಆಗಿರಲಿಲ್ಲ.

ಮುಂದಿನ ತಿಂಗಳು ಅಕ್ಕ ಮೀಟಿಂಗಿಗೆ ಕೊಚ್ಚಿಗೆ ಬಂದರು. ವಾಪಸಾಗುವಾಗ ಆಲುವ ಸ್ಟೇಷನ್ನಿನವರೆಗೂ ಜೊತೆಗೆ ಹೋದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಆ ಪತ್ರ ಇಟ್ಟೆ. ಅಕ್ಕ ಅದನ್ನು ಮಡಚಿ ನನ್ನ ಕಡೆಗೇ ಸರಿಸಿದರು.

"ಮೇಲಿನವರು ನಿನ್ನನ್ನೇ ಕಳಿಸು ಅಂದ್ರು. ಹಾಗೇ ಹೇಳಿದ್ರೆ ನಿಂಗೆ ಬೇಜಾರಾಗ್ತಿತ್ತು. ನೀನಾಗಿ ಹೊರಟೆ ಅಂತಾದ್ರೆ ಮನಸ್ಸು ಗಟ್ಟಿ ಇರ್ತದೆ ಅಂತ..."

"ನಾನು ಆಗಲ್ಲ ಅಂದಿದ್ರೆ?"

"ನೀನು ಹಾಗೆ ಹೇಳುವವನಲ್ಲ ಅಂತ ಗೊತ್ತಿತ್ತು ಮಾರಾಯ."

ನನ್ನ ಒಳ್ಳೆಯತನವನ್ನೇ ಲೆಕ್ಕ ಹಾಕಿ ನನಗೆ ಮೋಸ ಮಾಡಿದ್ದರು. ಶೈಲನ ನಂಬರು ಒತ್ತಿ ಫೋನನ್ನು ಅಕ್ಕನ ಮುಂದೆ ಹಿಡಿದೆ. "ಇದನ್ನ ಅವಳಿಗೆ ನೀವೇ ಹೇಳಿ ಅಕ್ಕ. ಇನ್ನೇನೂ ಬೇಡ ನಂಗೆ."

ಅತ್ತ ಶೈಲ "ಹಲೋ, ಯಾರು? ಹಲೋ" ಎನ್ನುತ್ತಲೇ ಇದ್ದಳು. ಅಕ್ಕ ಬ್ಯಾಗು ಹೆಗಲಿಗೇರಿಸಿಕೊಂಡು, ರೈಲು ಇನ್ನೂ ಬಂದಿರದ ಹಳಿಯ ಕಡೆ ನೋಡುತ್ತ ನಿಂತರು. ಫೋನಿಗೆ ಕೈ ಚಾಚಲಿಲ್ಲ.